ಮೂರನೆಯ ಸಾಕ್ಷಿ

ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ತಿಪ್ಪೇರುದ್ರಪ್ಪನವರ ಹಿರಿಯ ಮಗಳು ಶೀಲಾ. ಬಳ್ಳಾರಿಯಲ್ಲಿ ಕಾನೂನು ಓದುವಾಗ ಅವಳು ಒಂದು ಕಡೆ ನಿಂತವಳಲ್ಲ. ಜಾತಿ ಮೀರಿ ಮದುವೆಯಾಗುವ ಜೋಡಿಗಳಿಗೆ ಅರ್ಜಿ ಬರೆದುಕೊಡುತ್ತಿದ್ದಳು, ನೋಂದಣಿ ಕಚೇರಿಗೆ ಕರೆದೊಯ್ಯುತ್ತಿದ್ದಳು, ತಾನೇ ಸಾಕ್ಷಿ ಹಾಕುತ್ತಿದ್ದಳು. ಮೂರು ವರ್ಷಗಳಲ್ಲಿ ಒಂಬತ್ತು ಜೋಡಿ. ಹುಡುಗಿಯರು ಹೆದರಿ ಅತ್ತರೆ, "ಮೂವತ್ತು ದಿನ ತಡಕೋ, ಅಷ್ಟ. ಆಮ್ಯಾಲೆ ಯಾರೂ ಏನೂ ಮಾಡಾಕ ಬರಂಗಿಲ್ಲ" ಎನ್ನುತ್ತಿದ್ದಳು. ಕಾಯ್ದೆಯ ಪ್ರಕಾರ ಮದುವೆಯ ನೋಟಿಸು ಮೂವತ್ತು ದಿನ ಕಚೇರಿಯ ಗೋಡೆಯ ಮೇಲಿರಬೇಕು. ಅದು ಎಷ್ಟು ಉದ್ದದ ಕಾಲ ಎಂಬುದು ತನ್ನ ಸರದಿ ಬಂದಾಗ ಅವಳಿಗೆ ಗೊತ್ತಾಯಿತು.

ದೇಶನೂರಿನ ರಾಮಾಂಜಿನಿ ಅವಳ ಸಹಪಾಠಿ, ಬೇರೆ ಜಾತಿಯವನು. ಆ ಒಂಬತ್ತು ಜೋಡಿಗಳಿಗಾಗಿ ಇಬ್ಬರೂ ಒಟ್ಟಿಗೇ ಓಡಾಡಿದ್ದರು. ಹತ್ತನೆಯ ನೋಟಿಸು ಅವರದೇ. ಹನ್ನೆರಡನೆಯ ದಿನ ಊರಿನ ಯಾರೋ ಅದನ್ನು ಓದಿದರು. ಮರುದಿನ ತಾಯಿ ಜಂಬಮ್ಮ ಹಾಸ್ಟೆಲಿಗೆ ಬಂದಳು. ಬೈಯಲಿಲ್ಲ. ಮಂಚದ ತುದಿಯಲ್ಲಿ ಕುಳಿತು ಮಗಳ ಒಗೆದ ಬಟ್ಟೆಗಳನ್ನು ಮಡಚುತ್ತಾ ಕೇಳಿದಳು: "ನಿನ್ನ ತಂಗೀನ್ನ ನೋಡಿ ಹೋಗ್ಯಾರ. ಇದು ಗೊತ್ತಾದ್ರ ಆ ಮಂದಿ ಹೊಳ್ಳಿ ಬರ್ತಾರೇನು? ಕಲ್ತಾಕಿ ಅದಿ, ನೀನ ಹೇಳು."

ತಾಯಿ ಕೂಗಾಡಿದ್ದರೆ ಶೀಲಾಳೂ ಕೂಗಾಡುತ್ತಿದ್ದಳು. ತಾಯಿಯನ್ನು ಬಸ್ಸು ಹತ್ತಿಸಿ ಬಂದಳು. ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ನೋಟಿಸು ಹಿಂಪಡೆಯುವ ಪತ್ರವನ್ನು ತಾನೇ ಬರೆದಳು. ರಾಮಾಂಜಿನಿ ಜಗಳ ಮಾಡಲಿಲ್ಲ.

"ಒಂಬತ್ತು ಮಂದಿಗೆ ಹೇಳಿದ್ದನ್ನ ನಿನಗ ನೀ ಯಾಕ ಹೇಳ್ಕೊಳ್ಳಲಿಲ್ಲ?" ಎಂದಷ್ಟೇ ಕೇಳಿದ. ಮತ್ತೆ ಅವನು ಅವಳೆದುರು ಬರಲಿಲ್ಲ.

ಮುಂದಿನ ವರ್ಷ ಸಿರುಗುಪ್ಪದ ಚನ್ನಬಸವರಾಜನ ಜೊತೆ ಮದುವೆಯಾಯಿತು. ಅಕ್ಕಿ ಗಿರಣಿಯ ಮನೆ, ಒಳ್ಳೆಯ ಮನುಷ್ಯ. ಕೋರ್ಟಿಗೆ ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಹೊಲದ ವ್ಯಾಜ್ಯ, ಪಾಲುಪಟ್ಟಿ ಅವಳ ಕೈಗೆ ಬಂದವು. ಮದುವೆಯ ಅರ್ಜಿ ಹಿಡಿದು ಯಾರಾದರೂ ಬಂದರೆ ಬೇರೆ ವಕೀಲರ ಕಡೆ ತೋರಿಸುತ್ತಿದ್ದಳು. ಸಂಜೆಯಾದರೆ ಮಾತ್ರ ಕೂರಲಾಗುತ್ತಿರಲಿಲ್ಲ. ಮಾಳಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. "ಕಾಲಾಗ ಚಕ್ರ ಅದಾವೇನವ್ವಾ ನಿನಗ?" ಎಂದು ಅತ್ತೆ ನಗುತ್ತಿದ್ದರು. ಹೀಗೆ ಹನ್ನೊಂದು ವರ್ಷ ಕಳೆದವು.

ಕಳೆದ ಜ್ಯೇಷ್ಠದಲ್ಲಿ ಚನ್ನಬಸವರಾಜನ ಅಣ್ಣನ ಮಗಳು ರಶ್ಮಿ ಬಂದಳು. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಶೀಲಾ ಒಬ್ಬಳೇ ಇದ್ದ ಹೊತ್ತು ನೋಡಿ ಹೇಳಿದಳು: "ಚಿಗವ್ವ, ಕುಡತಿನಿ ಪವರ್ ಸ್ಟೇಷನ್ನಿನಾಗ ಜಡೆಪ್ಪ ಅಂತ ಅದಾರ. ನಮ್ಮ ಪೈಕಿ ಅಲ್ಲ. ಮೂವತ್ತು ದಿನ ಮುಗದಾವ, ನಾಳೆ ಮದುವಿ. ಮೂರು ಸಾಕ್ಷಿ ಬೇಕು, ಇಬ್ಬರು ಸಿಕ್ಕಾರ. ಮೂರನೇದವರು ನೀವಾಗ್ರಿ. ಹಿಂದ ನೀವು ಎಷ್ಟೋ ಮಂದಿಗೆ ಮಾಡೀರಂತ."

ಶೀಲಾಳ ಬಾಯಿಂದ ಹೊರಟ ಮಾತು ಬೇರೆಯೇ. "ನಿನ್ನ ತಂಗಿ ಬಗ್ಗಿ ಏನರ ವಿಚಾರ ಮಾಡೀಯೇನು? ಆಕಿಗೆ ನಾಳೆ ಯಾರು ಬರ್ತಾರ? ಕಲ್ತಾಕಿ ಅದಿ, ನೀನ ಹೇಳು."

ಹೇಳಿ ಮುಗಿಸುವ ಹೊತ್ತಿಗೆ ಅದು ಯಾರ ಮಾತೆಂದು ಅವಳಿಗೆ ಹೊಳೆದಿತ್ತು. ರಶ್ಮಿ ಚೀಲ ಹೆಗಲಿಗೇರಿಸಿದಳು. "ನಿಮ್ಮನ್ನ ಕೇಳಿ ತಪ್ಪು ಮಾಡಿದೆ ಚಿಗವ್ವ. ಯಾರಿಗೂ ಹೇಳಬ್ಯಾಡ್ರಿ, ಅಷ್ಟು ಮಾಡ್ರಿ."

ಮರುದಿನ ಮುಂಜಾನೆ ಶೀಲಾ ಒಲೆ ಹಚ್ಚಿದಳು, ಆರಿಸಿದಳು, ಮತ್ತೆ ಹಚ್ಚಿದಳು. ಹತ್ತು ಗಂಟೆಗೆ "ಬಳ್ಳಾರಿಗೆ ಹೋಗಿಬರ್ತೀನಿ" ಎಂದು ಗಂಡನಿಗೆ ಹೇಳಿ ಬಸ್ಸು ಹತ್ತಿದಳು. ಸಿರಿಗೇರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಇಳಿದುಬಿಡಬೇಕೆನಿಸಿತು. ಎದ್ದು ನಿಂತಳು. ಬಸ್ಸು ಹೊರಟಿತು, ಕುಳಿತಳು.

ಕಚೇರಿ ಮುಟ್ಟಿದಾಗ ರುಜುಗಳೆಲ್ಲ ಆಗಿದ್ದವು. ಮೂರನೆಯ ಸಾಕ್ಷಿ ಹಾಕಿದವರು ರಶ್ಮಿಯನ್ನು ಕರೆತಂದ ಆಟೋದ ಹಂಪಯ್ಯ. ರಶ್ಮಿ ಓಡಿಬಂದು ಶೀಲಾಳ ಕೈ ಹಿಡಿದಳು, ಬಾಯಿಗೆ ಪೇಡಾ ಇಟ್ಟಳು. "ಬಂದ್ರಲ್ಲ ಚಿಗವ್ವ! ಬರ್ರಿ, ಫೋಟೋಕ್ಕ ನಿಂದರ್ರಿ."

ಆ ಫೋಟೋ ಸಂಜೆಯೊಳಗೆ ಸಿರುಗುಪ್ಪದ ಎಲ್ಲರ ಮೊಬೈಲಿನಲ್ಲೂ ಇರುತ್ತದೆ.

"ನೀವು ನಿಂದರ್ರಿ. ನನಗ ಬಸ್ಸಿಗೆ ಹೊತ್ತಾಗೈತಿ" ಎಂದಳು ಶೀಲಾ.

ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ನಿಂತೇ ಇತ್ತು. ಹತ್ತಲಿಲ್ಲ. ಮುಂದಿನದನ್ನೂ ಬಿಟ್ಟಳು. ವಾಪಸು ಕಚೇರಿಗೆ ಹೋಗೋಣವೆಂದು ರಾಯಲ್ ವೃತ್ತದವರೆಗೆ ನಡೆದಳು. ಈಗ ಅಲ್ಲಿ ಯಾರಿರುತ್ತಾರೆ ಎಂದು ಹೊಳೆದು ತಿರುಗಿದಳು. ಮೂರನೆಯ ಬಸ್ಸಿಗೆ ಹತ್ತಿದಳು.

ಮನೆಗೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ರಶ್ಮಿಯ ಅಪ್ಪ, ಶೀಲಾಳ ಭಾವ, ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಅತ್ತೆ ಕೇಳಿದರು: "ನೀನೂ ಬಳ್ಳಾರಿಗೆ ಹೋಗಿದ್ದೆಲ್ಲ, ನಿನಗೇನರ ಗೊತ್ತಿತ್ತೇನು?"

ಕೋರ್ಟಿನ ಕೆಲಸವಿತ್ತು ಎನ್ನಬಹುದಿತ್ತು. ಬಸ್ಸಿನಲ್ಲಿ ಅದನ್ನೇ ಅಂದುಕೊಂಡು ಬಂದಿದ್ದಳು.

"ಗೊತ್ತಿತ್ತು. ಅಲ್ಲಿಗೇ ಹೋಗಿದ್ದೆ," ಎಂದಳು.

ಭಾವ ಎದ್ದು ಹೊರಗೆ ಹೋದರು. ಅತ್ತೆ ಆಮೇಲೆ ಹದಿನೈದು ದಿನ ಅವಳ ಜೊತೆ ಮಾತಾಡಲಿಲ್ಲ. ಚನ್ನಬಸವರಾಜ ಮಾತ್ರ ಅಂದೇ ಕೋಣೆಗೆ ಬಂದು ಕೇಳಿದ: "ಸಾಕ್ಷಿ ಹಾಕಿದೇನು?"

"ಇಲ್ಲ."

"ಯಾಕ?"

ಶೀಲಾ ಬಾಗಿಲು ಹಿಡಿದು ನಿಂತಳು. ಅಂಜಿಕೆಯಾಯಿತು ಎಂದು ಹೇಳುವುದಕ್ಕೆ ಅವಳಿಗೆ ಹನ್ನೆರಡು ವರ್ಷ ಬೇಕಾಗಿತ್ತು. ಅದನ್ನು ಆ ಸಂಜೆ ಗಂಡನಿಗೆ ಹೇಳಿದಳು, ಮೊದಲಿನಿಂದ, ರಾಮಾಂಜಿನಿಯ ಹೆಸರು ಹಿಡಿದೇ.