ಉಗುರಿನ ಗುಳಿಗೆ ಮತ್ತು ಸವಿತಾಳ ರಿಪೋರ್ಟು

2022ರ ಮಾತಿದು. ಆಗ ನಾನು ರಾಮನಗರದ ಒಂದು ಖಾಸಗಿ ಲ್ಯಾಬಿನಲ್ಲಿ ಬಯೋಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹೆಸರಿನ ಮುಂದೆ ಡಾಕ್ಟರ್ ಎಂದು ಇದ್ದರೂ ನಾನು ರೋಗಿಗಳನ್ನು ನೋಡುವವಳಲ್ಲ, ಅವರ ರಕ್ತವನ್ನು ನೋಡುವವಳು. ತಿಪ್ಪಸಂದ್ರದ ನನ್ನ ಸೋದರತ್ತೆಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. "ಮಾತ್ರೆ ಬರ್ಕೊಡಲ್ಲ, ಸೂಜಿ ಹಾಕಲ್ಲ, ನೀನೆಂಥಾ ಡಾಕ್ಟ್ರವ್ವಾ?" ಎಂದು ಹಬ್ಬಕ್ಕೆ ಹೋದಾಗಲೆಲ್ಲ ರೇಗಿಸುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೆ ಅವರು ಹೇಳುತ್ತಿದ್ದುದರಲ್ಲಿ ಸುಳ್ಳೇನಿರಲಿಲ್ಲ. ನಮ್ಮ ಕೆಲಸದಲ್ಲಿ ಮನುಷ್ಯರ ಮುಖ ಕಾಣುವುದೇ ಅಪರೂಪ.

ಚನ್ನಪಟ್ಟಣ, ಕನಕಪುರ, ಮಾಗಡಿಯ ನರ್ಸಿಂಗ್ ಹೋಮ್‌ಗಳಿಂದಲೂ ನಮ್ಮಲ್ಲಿಗೆ ಐಸ್ ಪೆಟ್ಟಿಗೆಯಲ್ಲಿ ರಕ್ತ ಬರುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಮಕ್ಕಳಿಲ್ಲದವರ ಹಾರ್ಮೋನ್ ಪರೀಕ್ಷೆಗಳದ್ದು. ಓದುಗರಿಗೆ ಗೊತ್ತಿರಲಿ ಎಂದು ಎರಡು ಹೆಸರು ಹೇಳಿಬಿಡುತ್ತೇನೆ. ಎಎಂಎಚ್ ಎಂಬ ಹಾರ್ಮೋನ್ ನೋಡಿ ಅಂಡಾಶಯದಲ್ಲಿ ಇನ್ನೂ ಎಷ್ಟು ಅಂಡಾಣುಗಳಿರಬಹುದು ಎಂದು ಅಂದಾಜು ಮಾಡುತ್ತಾರೆ. ಎಫ್‌ಎಸ್‌ಎಚ್ ಎನ್ನುವುದು ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಕಳಿಸುವ ಆಜ್ಞೆ. ಅಂಡಾಶಯ ಸೊರಗಿದಷ್ಟೂ ಈ ಆಜ್ಞೆಯ ದನಿ ಜೋರಾಗುತ್ತದೆ. ಹಾಗಾಗಿ ಎಎಂಎಚ್ ತೀರ ಇಳಿದವರಲ್ಲಿ ಸಾಮಾನ್ಯವಾಗಿ ಎಫ್‌ಎಸ್‌ಎಚ್ ಏರಿರುತ್ತದೆ.

ಒಂದು ಮಧ್ಯಾಹ್ನ ವಸುಂಧರಾ ಫೋನ್ ಮಾಡಿದಳು. ಅವಳು ನನ್ನ ಮೆಡಿಕಲ್ ಕಾಲೇಜಿನ ಸಹಪಾಠಿ, ಅದೇ ಊರಿನಲ್ಲಿ ಸ್ತ್ರೀರೋಗ ತಜ್ಞೆ. "ಒಂದು ಹುಡುಗಿಯ ರಿಪೋರ್ಟು ನನ್ನ ತಲೆ ಕೆಡಿಸ್ತಿದೆ ಕಣೇ. ಒಂದಕ್ಕೊಂದು ಹೊಂದಾಣಿಕೆಯೇ ಆಗ್ತಿಲ್ಲ, ನೀನೊಂದು ಸಲ ನೋಡು" ಎಂದಳು.

ಹುಡುಗಿಯ ಹೆಸರು ಸವಿತಾ, ವಯಸ್ಸು ಮೂವತ್ತು. ಬೈರಾಪಟ್ಟಣದ ಕಡೆಯವಳು. ಗಂಡ ಮಂಜುನಾಥ ಗೂಡ್ಸ್ ಆಟೋ ಓಡಿಸುತ್ತಿದ್ದ. ಇವಳು ರಾಮನಗರದ ಒಂದು ರೀಲಿಂಗ್ ಯೂನಿಟ್‌ನಲ್ಲಿ, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಡೆ, ಕೆಲಸ ಮಾಡುತ್ತಿದ್ದಳು. ಮದುವೆಯಾಗಿ ಏಳು ವರ್ಷವಾದರೂ ಬಸಿರು ನಿಂತಿರಲಿಲ್ಲ. ಮುಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನ ಒಂದು ಕೇಂದ್ರಕ್ಕೆ ಹೋಗಿದ್ದರು. ಅಲ್ಲಿ ಎಎಂಎಚ್ 0.3 ಎಂದು ಬಂತು. ಮೂವತ್ತರ ಹೆಂಗಸಿಗೆ ಅದು ತೀರಾ ಕಡಿಮೆ. ನಿಮ್ಮ ಅಂಡಾಣುಗಳು ಹೆಚ್ಚುಕಡಿಮೆ ಮುಗಿದಿವೆ, ದಾನಿಯ ಅಂಡಾಣು ಪಡೆದು ಐವಿಎಫ್ ಮಾಡುವುದು ಒಳ್ಳೆಯದು ಎಂದರು. ಮುಂದಿನ ತಿಂಗಳಿಗೆ ದಿನವನ್ನೂ ಗೊತ್ತುಮಾಡಿದರು. ಅದಕ್ಕೆ ಮೊದಲು ಥೈರಾಯ್ಡ್ ಸರಿಮಾಡಿಸಿಕೊಳ್ಳಿ ಎಂದು ವಸುಂಧರಾ ಹತ್ತಿರ ಕಳಿಸಿದ್ದರು. ಪಿಟ್ಯುಟರಿ ಥೈರಾಯ್ಡ್‌ಗೆ ಕಳಿಸುವ ಆಜ್ಞೆಯಾದ ಟಿಎಸ್‌ಎಚ್ ಬರೀ 0.2 ಇತ್ತು, ಆ ಆಜ್ಞೆ ಅಷ್ಟು ಇಳಿದಿದೆ ಅಂದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಲೆಕ್ಕ.

ದಾನಿಯ ಅಂಡಾಣುವಿನಿಂದ ತಾಯಿಯಾಗಿ ಸುಖವಾಗಿರುವ ಎಷ್ಟೋ ಹೆಣ್ಣುಮಕ್ಕಳು ನನಗೆ ಗೊತ್ತು. ಅದರಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಸವಿತಾಳ ಮನಸ್ಸು ಒಪ್ಪಿರಲಿಲ್ಲ. ಗಂಡ ಹೊರಗೆ ಔಷಧಿ ಅಂಗಡಿಗೆ ಹೋಗಿದ್ದಾಗ ವಸುಂಧರಾ ಮುಂದೆ ಅತ್ತಿದ್ದಳಂತೆ. "ಅವ್ರು ಒಪ್ಕಂಡವ್ರೆ ಮೇಡಂ. ನಂಗೇ ಆಯ್ತಿಲ್ಲ. ಇದು ನಂದಲ್ಲ ಅಂತ ಮನ್ಸು ದಿನಾ ಹೇಳ್ತಾ ಇದ್ರೆ ಆ ಮಗೀನ ಹೆಂಗೆ ಎತ್ಕಳ್ಲಿ? ಬ್ಯಾಡ ಅಂದ್ರೆ ಅವ್ರಿಗೂ ಮಗು ಇಲ್ದಂಗೆ ಮಾಡ್ಬುಟ್ಟಂಗಾಯ್ತದೆ" ಎಂದಿದ್ದಳು. ಈ ಮಾತನ್ನೂ ವಸುಂಧರಾ ನನಗೆ ಫೋನಿನಲ್ಲೇ ಹೇಳಿದಳು.

ರಿಪೋರ್ಟು ತರಿಸಿಕೊಂಡು ನೋಡಿದೆ. ವಸುಂಧರಾಳ ತಲೆ ಕೆಟ್ಟಿದ್ದರಲ್ಲಿ ಆಶ್ಚರ್ಯವೇನಿರಲಿಲ್ಲ. ಎಎಂಎಚ್ ಪಾತಾಳಕ್ಕೆ ಇಳಿದಿದೆ, ಸರಿ. ಹಾಗಾದರೆ ಎಫ್‌ಎಸ್‌ಎಚ್ ಮೇಲಿರಬೇಕು. ಅದೂ 0.9, ಪಾತಾಳದಲ್ಲೇ! ಸ್ಕ್ಯಾನ್‌ನಲ್ಲಿ ನೋಡಿದರೆ ಎರಡೂ ಅಂಡಾಶಯಗಳಲ್ಲಿ ಅಂಡಾಣು ಬೆಳೆಯುವ ಪುಟ್ಟ ಪುಟ್ಟ ಕೋಶಗಳು ಬೇಕಾದಷ್ಟಿವೆ. ಥೈರಾಯ್ಡ್ ಜಾಸ್ತಿಯಾದವರು ತೂಕ ಇಳಿಯುತ್ತಾರೆ, ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ. ಇವಳು ತೂಕ ಏರಿದ್ದಳು, ನಾಡಿ ನಿಧಾನ, ಸದಾ ಸುಸ್ತು. ಕೈ ನಡುಗುವ ಹೆಂಗಸು ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೂ ಕಾಣದ ಎಳೆ ಹಿಡಿದು ದಿನವಿಡೀ ಕೆಲಸ ಮಾಡಲು ಸಾಧ್ಯವೇ? ಆದರೂ ವಸುಂಧರಾ ಥೈರಾಯ್ಡ್ ಇಳಿಸುವ ಮಾತ್ರೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ಬರೆಯಲಿಲ್ಲ. ಪುಣ್ಯಾತ್ಗಿತ್ತಿ, ಆ ಒಂದು ವಿಷಯಕ್ಕೆ ಅವಳಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ನಾವು ಹೊಸದಾಗಿ ರಕ್ತ ತೆಗೆಸಿ ನಮ್ಮ ಯಂತ್ರದಲ್ಲಿ ಹಾಕಿದೆವು. ರಿಸೆಪ್ಷನ್‌ನಲ್ಲಿ ಎಲ್ಲರನ್ನೂ ಕೇಳುವ ಹಾಗೆ "ಯಾವುದಾದರೂ ಔಷಧಿ ತಗೊಳ್ತಿದ್ದೀರಾ?" ಎಂದು ಕೇಳಿದ್ದರು. ಇಲ್ಲ ಎಂದಿದ್ದಳು. ಫಲಿತಾಂಶ ಬಂತು. ಬೆಂಗಳೂರಿನದು ಹೇಗಿತ್ತೋ ಹಾಗೇ ಇತ್ತು. ಟ್ಯೂಬ್ ಅದಲುಬದಲಾಗಿಲ್ಲ, ಯಂತ್ರ ಸರಿಯಿದೆಯೇ ಎಂದು ನೋಡಲು ಹಾಕುವ ಕಂಟ್ರೋಲ್ ಮಾದರಿಗಳೂ ಸರಿ ಬಂದಿವೆ. ಎರಡು ಕಡೆ ಒಂದೇ ಉತ್ತರ ಬಂದ ಮೇಲೆ ಇನ್ನೇನು ಹೇಳುವುದು? ವಸುಂಧರಾಗೆ ಫೋನ್ ಮಾಡಿದೆ. ಇನ್ನೊಂದು ಸಲ ಕಳಿಸು, ಈ ಸಲ ನಾನೇ ಕೂತು ರಕ್ತ ತೆಗೆಯುತ್ತೇನೆ ಎಂದೆ. ಅದರಿಂದ ಏನು ಗೊತ್ತಾಗುತ್ತದೆ ಎಂದು ನನಗೂ ತಿಳಿದಿರಲಿಲ್ಲ. ಸುಮ್ಮನೆ ಕೂರಲಾಗಲಿಲ್ಲ, ಅಷ್ಟೇ.

ಸವಿತಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದಳು. ಮೈತುಂಬ ಸೆರಗು ಹೊದ್ದ, ನೆಲ ನೋಡಿಕೊಂಡು ಮಾತಾಡುವ ಹೆಣ್ಣುಮಗಳು. ಕೈ ಚಾಚಿಸಿ ಪಟ್ಟಿ ಕಟ್ಟಿದೆ. ಮುಷ್ಟಿ ಮಾಡು ಎಂದಾಗ ಅವಳ ಬೆರಳುಗಳು ಕಣ್ಣಿಗೆ ಬಿದ್ದವು. ನಮ್ಮ ಲ್ಯಾಬಿಗೆ ನೂಲು ಬಿಚ್ಚುವ ಹೆಂಗಸರು ಬಹಳ ಬರುತ್ತಾರೆ. ದಿನವಿಡೀ ಬಿಸಿನೀರಿನಲ್ಲಿ ಕೈ ಇಟ್ಟು ಅವರ ಬೆರಳು ಬಿಳಿಚಿಕೊಂಡಿರುತ್ತವೆ. ಉಗುರುಗಳು ಮೆತ್ತಗಾಗಿ, ಪದರ ಪದರವಾಗಿ ಎದ್ದಿರುತ್ತವೆ. ಇವಳ ಬೆರಳೂ ಬಿಳಿಚಿಕೊಂಡಿತ್ತು. ಉಗುರು ಮಾತ್ರ ಗಟ್ಟಿಯಾಗಿ, ನುಣ್ಣಗೆ ಬೆಳೆದಿದ್ದವು. ಸಾಲದ್ದಕ್ಕೆ ಕೆಂಪು ಬಣ್ಣ ಬೇರೆ!

ಸೂಜಿಯ ಕಡೆಯಿಂದ ಅವಳ ಗಮನ ತಪ್ಪಿಸಲು ಲೋಕಾಭಿರಾಮವಾಗಿ ಕೇಳಿದೆ. "ಏನಮ್ಮ, ನಿನ್ನ ಉಗುರು ನೋಡಿದ್ರೆ ಯಾವ ಸಾಹುಕಾರರ ಮನೆ ಸೊಸೆಯೋ ಅನ್ನಬೇಕು. ನೂಲು ಬಿಚ್ತೀಯ ಅಂತ ಹೇಳಿದ್ದು ಸುಳ್ಳೋ ಹೇಗೆ?"

ಅವಳು ಮೊದಲ ಸಲ ನಕ್ಕಳು. "ಅಯ್ಯೋ ಇಲ್ಲ ಮೇಡಂ. ಮೊದ್ಲು ಎಲ್ಲಾ ಕಿತ್ಕೊಂಡು ಹೋಗಿದ್ವು. ಈಗ ಗುಳಿಗೆ ನುಂಗ್ತೀವಲ್ಲ, ಅದ್ಕೇ ಒಸಿ ಚೆನ್ನಾಗವೆ."

"ಗುಳಿಗೆನಾ? ಯಾವ ಔಷಧಿನೂ ತಗೊಳಲ್ಲ ಅಂದೆಯಲ್ಲಮ್ಮ!"

"ಅದು ಔಷ್ದಿ ಅಲ್ಲ ಮೇಡಂ, ಉಗುರಿನ ಗುಳಿಗೆ. ನಮ್ ಯೂನಿಟ್ಟಲ್ಲಿ ಹೆಂಗಸ್ರೆಲ್ಲಾ ತಗತೀವಿ. ಓನರ್ ತಾಯಿ ಅಮ್ಮಿನೇ ತರಿಸ್ಕೊಡ್ತಾರೆ. ನಂಗೆ ಉಗುರು ಜಾಸ್ತಿ ಹಾಳಾಗಿತ್ತು ಅಂತ ಎರಡು ನುಂಗು ಅಂದ್ರು. ಎದ್ದ ತಕ್ಷಣ ನೀರ್ ಕುಡ್ದು ನುಂಗ್ಬುಟ್ಟೇ ಬತ್ತೀನಿ."

ನನ್ನ ಕೈ ಅಲ್ಲೇ ನಿಂತಿತು. ಇವತ್ತೂ ನುಂಗಿ ಬಂದೆಯಾ ಎಂದೆ. ಹೂಂ ಎಂದಳು. ಅವಳ ದೃಷ್ಟಿಯಲ್ಲಿ ಔಷಧಿ ಎಂದರೆ ಕಾಯಿಲೆಗೆ ಡಾಕ್ಟರು ಕೊಡುವುದು. ಇದು ಕೈಗೆ ಎಣ್ಣೆ ಸವರಿಕೊಂಡ ಹಾಗೆ ಕೆಲಸದ ಒಂದು ಭಾಗ. ಸುಳ್ಳು ಹೇಳಿರಲಿಲ್ಲ ಆಕೆ. ಗಂಡನಿಗೆ ಫೋನ್ ಮಾಡಿಸಿ ಡಬ್ಬಿಯ ಫೋಟೋ ತರಿಸಿದೆ. ಬಯೋಟಿನ್! ಅದೂ ದೊಡ್ಡ ಪ್ರಮಾಣದ್ದು.

ಬಯೋಟಿನ್ ಒಂದು ವಿಟಮಿನ್. ಕೂದಲು, ಉಗುರಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಅದರಿಂದ ಅವಳ ಮೈಗೇನೂ ಕೆಡುಕಾಗಿರಲಿಲ್ಲ. ಕೆಟ್ಟದ್ದು ಲೆಕ್ಕ. ಹಾರ್ಮೋನ್ ಅಳೆಯುವ ಕೆಲವು ಬಗೆಯ ಕಿಟ್‌ಗಳಲ್ಲಿ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತಾರೆ. ಮಾಗಡಿ ಬಸ್ಸಿಗೆ ಕಾಯುವವರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿದ್ದೀರಲ್ಲ, ಹಾಗೆ ನುಂಗಿದ ಬಯೋಟಿನ್ ಮೊದಲೇ ಹೋಗಿ ಎಲ್ಲ ಜಾಗಕ್ಕೂ ಟವೆಲ್ ಹಾಕಿರುತ್ತದೆ. ಹಾರ್ಮೋನ್ ಹಿಡಿದು ಬಂದ ಅಸಲಿ ಪ್ರಯಾಣಿಕರಿಗೆ ಸೀಟಿಲ್ಲ. ಯಂತ್ರ ಕೂತವರನ್ನಷ್ಟೇ ಎಣಿಸಿ, ಎಎಂಎಚ್ ಇಲ್ಲ, ಟಿಎಸ್‌ಎಚ್ ಇಲ್ಲ, ಎಫ್‌ಎಸ್‌ಎಚ್ ಇಲ್ಲ ಎನ್ನುತ್ತದೆ. ಥೈರಾಯ್ಡ್ ಗ್ರಂಥಿ ಸ್ರವಿಸುವ ಥೈರಾಕ್ಸಿನ್‌ನಂಥ ಕೆಲವು ಪರೀಕ್ಷೆಗಳಲ್ಲಿ ಲೆಕ್ಕದ ಕ್ರಮ ತಿರುಗುಮುರುಗು, ಅಲ್ಲಿ ಇಲ್ಲದ್ದು ಜಾಸ್ತಿ ಎಂದು ಬರುತ್ತದೆ. ಎಲ್ಲ ಕಂಪನಿಯ ಕಿಟ್‌ಗಳಲ್ಲೂ ಹೀಗಾಗುವುದಿಲ್ಲ. ಬೆಂಗಳೂರಿನದೂ ನಮ್ಮದೂ ಆ ಜಾತಿಯ ಕಿಟ್ ಆಗಿದ್ದವು. ಇದನ್ನೆಲ್ಲ ನಾನು ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ.

ಆ ದಿನ ರಕ್ತ ತೆಗೆಯಲಿಲ್ಲ. ಗುಳಿಗೆ ನಿಲ್ಲಿಸಿ ಒಂದು ವಾರ ಬಿಟ್ಟು ಬಾ, ಅಲ್ಲಿಯವರೆಗೆ ಬೆಂಗಳೂರಿಗೂ ಹೋಗಬೇಡ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅಂದ್ರೆ ನನ್ ಅಂಡಾಣು ಮುಗ್ದಿಲ್ವಾ ಮೇಡಂ?" ಹೌದು ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ಆಸೆ ಹುಟ್ಟಿಸಿ ಆಮೇಲೆ ಕಸಿದುಕೊಂಡರೆ ಅದಕ್ಕಿಂತ ಪಾಪ ಇನ್ನೊಂದಿಲ್ಲ. "ಇನ್ನೂ ಗೊತ್ತಿಲ್ಲ ಕಣಮ್ಮ. ಆದರೆ ಈ ರಿಪೋರ್ಟನ್ನ ನಾನು ನಂಬಲ್ಲ" ಎಂದೆ.

ಮುಂದಿನ ವಾರ ಅವಳ ಜೊತೆ ಬುರ್ಖಾ ತೊಟ್ಟ ಹಿರಿಯ ಹೆಂಗಸೊಬ್ಬರು ಬಂದರು. ಯೂನಿಟ್ ಮಾಲೀಕರ ತಾಯಿ, ಕೆಲಸದವರೆಲ್ಲ ಅಮ್ಮಿ ಎಂದು ಕರೆಯುವವರು. ತಾವೂ ಚಿಕ್ಕ ವಯಸ್ಸಿನಲ್ಲಿ ನೂಲು ಬಿಚ್ಚಿದವರು. ಆಕೆಗೆ ಒಂದು ವಾರದಿಂದ ಸರಿಯಾಗಿ ಊಟ ಸೇರಿರಲಿಲ್ಲವಂತೆ. "ನಾನೇ ಕೊಟ್ಟಿದ್ದು ಡಾಕ್ಟ್ರಮ್ಮಾ. ನನ್ ಉಗುರು ಹೋದಂಗೆ ಈ ಮಕ್ಳದ್ದು ಹೋಗ್ಬಾರ್ದು ಅಂತ ಕೊಟ್ಟೆ. ಅದ್ರಿಂದ ಈ ಹುಡುಗಿಗೆ ಮಗು ಆಗ್ಲಿಲ್ವಾ? ನಿಜ ಹೇಳ್ಬಿಡಿ" ಎಂದು ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. ಗುಳಿಗೆ ಇವಳಿಗೆ ಏನೂ ಮಾಡಿಲ್ಲ, ನಮ್ಮ ಯಂತ್ರಕ್ಕೆ ಮೋಸ ಮಾಡಿದೆ ಅಷ್ಟೇ ಎಂದು ನಾನು ಬಿಡಿಸಿ ಹೇಳಿದ ಮೇಲೆ ಆಕೆ ಬೆಂಚಿನ ಮೇಲೆ ಕೂತು ಜೋರಾಗಿ ಉಸಿರು ಬಿಟ್ಟರು.

ರಿಪೋರ್ಟು ಬರುವವರೆಗೆ ಯಂತ್ರದ ಮುಂದೆ ನಾನೇ ಕೂತಿದ್ದೆ. ಎಎಂಎಚ್ 3.4. ಎಫ್‌ಎಸ್‌ಎಚ್ 6.2. ಎರಡೂ ಆ ವಯಸ್ಸಿಗೆ ತಕ್ಕಂತೆ. ಟಿಎಸ್‌ಎಚ್ ಮಾತ್ರ 11.6! ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಸೋಮಾರಿಯಾಗಿ ಮಲಗಿತ್ತು. ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನೂ ತುಸು ಏರಿಸಿತ್ತು. ಮುಟ್ಟು ಏರುಪೇರಾಗಲು, ಅಂಡಾಣು ಸಮಯಕ್ಕೆ ಬಿಡುಗಡೆಯಾಗದಿರಲು ಅಷ್ಟು ಸಾಕು. ಹಿಂದಿನ ರಿಪೋರ್ಟು ನಂಬಿ ಥೈರಾಯ್ಡ್ ಇಳಿಸುವ ಮಾತ್ರೆ ಕೊಟ್ಟಿದ್ದರೆ ಮೊದಲೇ ನಿಧಾನವಾಗಿದ್ದ ಗ್ರಂಥಿಯನ್ನು ಪೂರ್ತಿ ಕೂರಿಸಿದಂತಾಗುತ್ತಿತ್ತು.

ವಸುಂಧರಾಗೆ ಫೋನಿನಲ್ಲಿ ಸಂಖ್ಯೆಗಳನ್ನು ಓದಿ ಹೇಳಿದೆ. "ಬದುಕಿಸಿದೆ ಕಣೇ" ಎಂದಳು. ಥೈರಾಕ್ಸಿನ್ ಮಾತ್ರೆ ಶುರುವಾಯಿತು. ಬೆಂಗಳೂರಿನ ದಿನವನ್ನು ಮಂಜುನಾಥನೇ ರದ್ದು ಮಾಡಿಸಿದ. ಕೆಲವು ತಿಂಗಳಲ್ಲಿ ಟಿಎಸ್‌ಎಚ್ ಹದಕ್ಕೆ ಬಂತು, ಮುಟ್ಟು ಕ್ರಮಕ್ಕೆ ಬಂತು. ಅಂಡಾಣು ಬಿಡುಗಡೆಯಾಗಿದೆ ಎಂದು ಸೂಚಿಸುವ ಪ್ರೊಜೆಸ್ಟರಾನ್ ಪರೀಕ್ಷೆಯೂ ಚೆನ್ನಾಗಿ ಬಂತು. ಮಾರನೆಯ ವರ್ಷ, ಗೂಡಿನ ಮಾರುಕಟ್ಟೆಯ ಗಲಾಟೆ ಜೋರಾಗಿದ್ದ ಒಂದು ಬೆಳಗ್ಗೆ, ಬೀಟಾ ಎಚ್‌ಸಿಜಿ ಪಾಸಿಟಿವ್ ಎಂಬ ರಿಪೋರ್ಟಿಗೆ ನಾನೇ ಸಹಿ ಹಾಕಿದೆ. ಬಸಿರನ್ನು ಖಚಿತಪಡಿಸುವ ಪರೀಕ್ಷೆ ಅದು. ಬೇರೆ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ. ಎಲ್ಲರಿಗೂ ಇಷ್ಟು ಸುಲಭವಾಗಿ ಆಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ದೇವರು ದೊಡ್ಡವನು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಈ ಪ್ರಕರಣದ ನಂತರ ನಮ್ಮ ಲ್ಯಾಬಿನಲ್ಲಿ "ಔಷಧಿ ತಗೊಳ್ತೀರಾ?" ಎಂದು ಕೇಳುವುದನ್ನು ಬಿಟ್ಟೆವು. "ಬೆಳಗ್ಗೆ ಎದ್ದಾಗಿನಿಂದ ಬಾಯಿಗೆ ಏನೇನು ಹಾಕ್ಕೊಂಡ್ರಿ?" ಎಂದು ಕೇಳತೊಡಗಿದೆವು. ಕೂದಲಿಗೆ, ಉಗುರಿಗೆ, ತೂಕಕ್ಕೆ, ನಿದ್ದೆಗೆ, ಏನೆಲ್ಲ ಹೊರಬರುತ್ತದೆ ಗೊತ್ತೇ! ಅಮ್ಮಿ ಕೂಡ ತಮ್ಮ ಯೂನಿಟ್‌ನಲ್ಲಿ, ಅಕ್ಕಪಕ್ಕದ ಯೂನಿಟ್‌ಗಳಲ್ಲಿ, ರಕ್ತ ಕೊಡಲು ಹೋಗುವವರು ಗುಳಿಗೆಯ ಸಂಗತಿ ಹೇಳಲೇಬೇಕು ಎಂದು ಸಾರಿಬಿಟ್ಟರು. ನಮ್ಮ ಯಾವ ಬೋರ್ಡಿಗೂ ಅಷ್ಟು ಶಕ್ತಿ ಇರಲಿಲ್ಲ. ಒಂದು ರಿಪೋರ್ಟು ಇನ್ನೊಂದಕ್ಕೆ ವಿರುದ್ಧ ಮಾತಾಡಿದಾಗ ಮೂರನೆಯ ಪರೀಕ್ಷೆಗೆ ಓಡುವ ಮೊದಲು ಆ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತಾಡಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇದನ್ನು. ಅದನ್ನು ಕಲಿಸಿದ ಸವಿತಾಳಿಗೆ ನಾನು ಋಣಿ.

ತಾಯಿಗೆ ಥೈರಾಯ್ಡ್ ತೊಂದರೆ ಇದ್ದರೆ ಹುಟ್ಟಿದ ಮಗುವಿನದ್ದನ್ನೂ ನೋಡಿಬಿಡುತ್ತಾರೆ. ಹೆರಿಗೆಯಾದ ಕೆಲವು ದಿನಕ್ಕೆ ಆಸ್ಪತ್ರೆಯಿಂದ ನಮ್ಮಲ್ಲಿಗೆ ಒಂದು ಚಿಕ್ಕ ಟ್ಯೂಬು ಬಂತು. ಒಳಗೆ ನಾಲ್ಕೇ ಹನಿ ರಕ್ತ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಅಂಥ ಕಂದಮ್ಮಗಳ ಟ್ಯೂಬಿನ ಮೇಲೆ ತಾಯಿಯ ಹೆಸರನ್ನೇ ಬರೆಯುವುದು ಎಲ್ಲ ಆಸ್ಪತ್ರೆಗಳ ರೂಢಿ. ದಿನಕ್ಕೆ ಎಷ್ಟೋ ಸಲ ಕಣ್ಣಿಗೆ ಬೀಳುವ ಆ ಬರಹವನ್ನು ಅವತ್ತು ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಸವಿತಾಳ ಮಗು, ಹೆಣ್ಣು.