ಕುಕ್ಕರ್ ಕಾವಲಿನ ಸಿಸ್ಟರ್

ಮಧ್ಯಾಹ್ನ ಮೂರೂಕಾಲಿಗೆ, ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾನು ಬೆಡ್‌ಶೀಟ್ ತರಲೆಂದು ಸ್ಟೋರ್ ರೂಮಿನ ಬಾಗಿಲು ತಳ್ಳಿದೆ. ಒಳಗೆ ನಮ್ಮ ಮೇಲಧಿಕಾರಿ, ನನ್ನ ಜೊತೆಯ ನರ್ಸ್ ಕುಣಿಗಲ್ಲಿನ ಸಿಸ್ಟರನ್ನು ಗೋಡೆಗೆ ಒತ್ತಿ, ಕೈಯಿಂದ ಅವಳ ಬಾಯಿ ಮುಚ್ಚಿದ್ದ. ನನ್ನನ್ನು ಕಂಡು ಬೆಲ್ಟ್ ಸರಿಮಾಡಿಕೊಂಡ. ನನ್ನಿಂದ ಸೆಲ್ಯೂಟ್ ಬೇರೆ ಹೊಡೆಸಿಕೊಂಡು ಹೋದ. ಆ ಬಾಗಿಲನ್ನು ನಾನು ಇವತ್ತಿಗೂ ತಳ್ಳುತ್ತಲೇ ಇದ್ದೇನೆ.

ದೂರು ಕೊಟ್ಟಿದ್ದಕ್ಕೆ ಅವಳಿಗೆ ವರ್ಗಾವಣೆ ಸಿಕ್ಕಿತು, ಅವನಿಗೆ ಬಡ್ತಿ. ಅವಳೂ ನಾನೂ ಕೆಲಸ ಬಿಟ್ಟು ತುಮಕೂರಿನ ಶಿರಾ ಗೇಟ್ ಬಳಿ ಮನೆ ಮಾಡಿದೆವು. ಮಲಗುವಾಗ ಅವಳು ಬಾಗಿಲಿಗೆ ಕುರ್ಚಿ ಒತ್ತಿ, ಅದರ ಮೇಲೆ ಕುಕ್ಕರ್ ಇಡುತ್ತಿದ್ದಳು. "ಬರ್ಲಿ ಕಣೇ, ವಿಷಲ್ ಹೊಡೆಸ್ತೀನಿ!" ಎಂದು ನಗಿಸಿ, ತಾನು ಬೆಳಗಿನವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ.

ಒಮ್ಮೆ ಗುಬ್ಬಿಯಲ್ಲಿ ಮಾಜಿ ಸೈನಿಕರ ಸನ್ಮಾನಕ್ಕೆ ನಮ್ಮನ್ನೂ ಕರೆದರು. ಶಾಲು ಹೊದಿಸಿ, ದೇಶಸೇವೆಯ ಬಗ್ಗೆ ಎರಡು ಮಾತು ಹೇಳಿ ಎಂದರು. ಅವಳು ಸ್ಟೋರ್ ರೂಮಿನ ಕಥೆಯನ್ನೇ ಹೇಳಿದಳು.

"ಸೇನೆ ಮರ್ಯಾದೆ ತೆಗೀತೀಯಲ್ಲಮ್ಮ!" ಎಂದರು ಆಯೋಜಕರು.

"ತೆಗ್ದೋನು ಅವ್ನು ಸಾರ್. ನಾನು ಬರೀ ಅಡ್ರೆಸ್ ಹೇಳ್ದೆ."

ಸಭೆ ಮುಗಿದ ಮೇಲೆ ಹುರಿಮೀಸೆಯ ಮಾಜಿ ಹವಾಲ್ದಾರರೊಬ್ಬರು ಅವಳ ಪಕ್ಕ ಬಂದು ಕುಳಿತರು. "ಟ್ರೈನಿಂಗ್‌ನಲ್ಲಿ ನಂಗೂ ಹಂಗೇ ಮಾಡಿದ್ರು ಕಣವ್ವ. ಹೆಂಡ್ತಿಗೂ ಹೇಳಿಲ್ಲ."

ಅವಳು ತನ್ನ ಶಾಲನ್ನು ಅವರಿಗೆ ಹೊದಿಸಿದಳು. "ನಂಬ್ತೀನಿ ಬುಡಣ್ಣ. ಕಾಫಿ ಕುಡೀತಾ ಹೇಳು."

ಅಂದು ರಾತ್ರಿ ಕುಕ್ಕರ್ ಒಲೆಯ ಮೇಲೆಯೇ ಉಳಿಯಿತು. ಬೆಳಗಿನವರೆಗೂ ಅವಳದು ಒಂದೇ ಗೊರಕೆ. ಅದನ್ನು ಕೇಳುತ್ತ ನಾನೂ ನಿದ್ದೆಹೋದೆ.