ಅದು ಗ್ಯಾಸಾಗಿರಲಿಲ್ಲ

ಕಳೆದ ವಾರ ಆಫೀಸಿನಿಂದ ಬಂದು ಲಿಫ್ಟಿನೊಳಗೆ ಕಾಲಿಟ್ಟರೆ ಓಮ ಕುದಿಸಿದ ವಾಸನೆ. ಯಾವುದೋ ಮಹಡಿಯಲ್ಲಿ ಯಾರದೋ ಹೊಟ್ಟೆ ಕೆಟ್ಟಿರಬೇಕು. ಇಲ್ಲವೇ, ಕೆಟ್ಟಿದೆ ಎಂದು ಮನೆಯ ಹಿರಿಯರು ತೀರ್ಮಾನಿಸಿರಬೇಕು. ಎರಡೂ ಒಂದೇ ಅಲ್ಲ ಎಂದು ನನ್ನಷ್ಟು ಬಲ್ಲವರು ಕುವೈತಿನಲ್ಲಿ ಕಡಿಮೆ. ನಿಮಗೆ ಓಮದ ವಾಸನೆ ಹಿತವಾಗಿರಬಹುದು. ನನಗೆ ಅದು ಮೂಗಿಗೆ ಬಿದ್ದೊಡನೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಹೇಳಲಾಗದ, ಹಾಗಾಗಿ ಗಂಡನ ಮೇಲೆ ತೀರಿಸಿಕೊಳ್ಳುವ ಜಾತಿಯ ಸಿಟ್ಟು.

ಹೈಸ್ಕೂಲಿನಲ್ಲಿದ್ದಾಗಲೇ ನನಗೆ ಮುಟ್ಟಿನ ನೋವು ಇತ್ತು. ಅದು ಎಲ್ಲರ ಹಾಗಿನ ಹೊಟ್ಟೆನೋವಲ್ಲ. ಹಿಂದೆ, ಕೆಳಗೆ, ಕೂತರೆ ಸೂಜಿ ಚುಚ್ಚಿದಂತಾಗುವ ನೋವು. ಆ ದಿನಗಳಲ್ಲಿ ಪಾಯಿಖಾನೆಗೆ ಹೋಗುವುದೆಂದರೆ ಗೋಡೆ ಹಿಡಿದು ಅಳುವುದು. ಅಮ್ಮ ಹೇಳಿದರು, “ಮದುವೆಯಾದರೆ ಸರಿಯಾಗ್ತದೆ.” ಮದುವೆಯಾಗಿ ಕುವೈತಿಗೆ ಬಂದೆ. ನೋವೂ ವೀಸಾ ಮಾಡಿಸಿಕೊಂಡು ಜೊತೆಗೇ ಬಂತು. ಆಮೇಲೆ ಹೇಳಿದರು, “ಒಂದು ಮಗುವಾದರೆ ಸರಿಯಾಗ್ತದೆ.” ಆದರೆ ಮಗುವೇ ಆಗಲೊಲ್ಲದು. ರಜೆಗೆ ಊರಿಗೆ ಹೋದಾಗ ಮಂಗಳೂರಿನ ಡಾಕ್ಟರೊಬ್ಬರು ಸ್ಕ್ಯಾನ್ ಮಾಡಿ, ಅಂಡಾಶಯದಲ್ಲಿ ‘ಚಾಕಲೇಟ್ ಸಿಸ್ಟ್’ ಇದೆ ಎಂದರು. ಒಳಗೆ ಹಳೆಯ ರಕ್ತ ಕಪ್ಪಗೆ ತುಂಬಿದ ಗುಳ್ಳೆಗೆ ಆ ಹೆಸರಿಟ್ಟವನನ್ನು ನಾನು ಹುಡುಕುತ್ತಿದ್ದೇನೆ. ಯಾಕೆಂದರೆ ಆ ದಿನದಿಂದ ನನ್ನ ಅತ್ತೆ, ನಮ್ಮ ತುಳುವಿನಲ್ಲಿ ಮಾಮಿ, ನಾನು ಚಾಕಲೇಟ್ ತಿನ್ನುವುದನ್ನೇ ನಿಲ್ಲಿಸಿಬಿಟ್ಟರು. ಗಲ್ಫಿನಿಂದ ಊರವರಿಗೆಲ್ಲ ಚೀಲಗಟ್ಟಲೆ ಚಾಕಲೇಟ್ ಹೊತ್ತುಕೊಂಡು ಹೋದವಳು ನಾನು. ಅವರೆಲ್ಲ ನನ್ನ ಮುಂದೆಯೇ ಚಪ್ಪರಿಸಿದರು.

ಕೊನೆಗೂ ಗರ್ಭ ನಿಂತಿತು. ಇನ್ನು ಆ ನೋವು ತಾನಾಗಿ ಅಡಗುತ್ತದೆ ಎಂದರು ಇಲ್ಲಿನ ಡಾಕ್ಟರು. ಕೆಲವು ತಿಂಗಳು ಅಡಗಿಯೂ ಇತ್ತು. ಹೊಟ್ಟೆ ಬೆಳೆಯುತ್ತ ಬಂದಂತೆ ಎಡಗಡೆ ಕೆಳಗೆ ಮತ್ತೆ ಎಳೆತ ಶುರುವಾಯಿತು. ಮಲದಲ್ಲಿ ರಕ್ತ ಕಂಡಿತು. ಕ್ಲಿನಿಕ್ಕಿಗೆ ಹೋದರೆ, “ಮಲಬದ್ಧತೆ, ಬಸುರಿಯರಿಗೆಲ್ಲ ಪೈಲ್ಸ್ ಆಗುತ್ತದೆ, ನೀರು ಕುಡಿಯಿರಿ” ಎಂದರು. ಮತ್ತೆ ಹೋದರೆ ಅದನ್ನೇ ಹೇಳಿದರು, ಈ ಸಲ ಸ್ವಲ್ಪ ಗಟ್ಟಿಯಾಗಿ. ಅಷ್ಟರಲ್ಲಿ ನನ್ನ ಅಮ್ಮ ತೀರಿಕೊಂಡಿದ್ದರಿಂದ ಬಾಣಂತನಕ್ಕೆಂದು ಮಾಮಿಯೇ ಬಂದಿಳಿದರು. ಪೆಟ್ಟಿಗೆಯ ತುಂಬ ಓಮ, ಇಂಗು, ಹರಳೆಣ್ಣೆ.

“ಎಂತದೂ ಇಲ್ಲ ಮಾರಾಯ್ತಿ, ಗ್ಯಾಸ್” ಎಂದರು ಮಾಮಿ, ನನ್ನನ್ನು ಬಾಗಿಲಲ್ಲಿ ನೋಡುತ್ತಲೇ.

ನಿಜ ಹೇಳಬೇಕೆಂದರೆ ನಾನೂ ನಂಬಿದೆ. ಇಷ್ಟು ಜನ ಒಂದೇ ಮಾತು ಹೇಳುವಾಗ ಒಂದು ಕರುಳು ಬೇರೆ ಹೇಳಿದರೆ ಯಾರು ಕೇಳುತ್ತಾರೆ? ಕುವೈತ್ ನಗರದ ಮಿರ್ಕಾಬಿನಲ್ಲಿದ್ದ ನನ್ನ ಆಫೀಸಿನಲ್ಲಿ ಕುರ್ಚಿಗೆ ದಿಂಬಿಟ್ಟುಕೊಂಡು ಕೂತೆ. ಮನೆಗೆ ಬಂದು ಓಮದ ನೀರು ಕುಡಿದೆ. ಕುಡಿದು ಕುಡಿದು ನನ್ನ ಬೆವರಿಗೂ ಅದೇ ವಾಸನೆ.

ಎಂಟನೇ ತಿಂಗಳಿನ ಒಂದು ಶುಕ್ರವಾರ ಬೆಳಿಗ್ಗೆ ನೀರುದೋಸೆ ತಿಂದು ಏಳುವಾಗ ಒಳಗೆ ಏನೋ ಹರಿಯಿತು. ಬಟ್ಟೆ ಹರಿದಂತೆ. ಕೂಗಲೂ ಆಗಲಿಲ್ಲ, ನೆಲದ ಮೇಲೆ ಕೂತುಬಿಟ್ಟೆ. ನಮ್ಮವರು ವಫ್ರಾದ ತೋಟವೊಂದರಲ್ಲಿ ಪಂಪು ಕೂರಿಸಲು ಹೋಗಿದ್ದರು. ಫೋನಿಗೆ ಸಿಕ್ಕರೂ ಅಲ್ಲಿಂದ ಬರುವುದೆಂದರೆ ಅರ್ಧ ದೇಶ ದಾಟಿದಂತೆ. ಮಾಮಿ ಹೊಟ್ಟೆಗೆ ಹರಳೆಣ್ಣೆ ತಿಕ್ಕತೊಡಗಿದರು. ಅದೇ ಹೊತ್ತಿಗೆ ಕೆಳಗಿನ ಮನೆಯ ಐರಿನ್, ಮೂಡುಬಿದಿರೆ ಕಡೆಯವಳು, ನಮ್ಮ ಪಾತ್ರೆ ಹಿಂದಿರುಗಿಸಲು ಬಂದಳು. ನನ್ನ ಮುಖ ನೋಡಿ ಪಾತ್ರೆಯನ್ನು ಅಲ್ಲೇ ಇಟ್ಟಳು.

“ಅಮ್ಮಾ, ಎಣ್ಣೆ ಸಾಕು. ಹಿಡೀರಿ ಇವಳನ್ನು, ಕಾರಿಗೆ ಹೋಗುವ.”

“ಸ್ವಲ್ಪ ಹೊತ್ತು ನೋಡುವ, ಗ್ಯಾಸ್ ಹೊರಗೆ ಹೋದರೆ...”

“ಹೋಗದಿದ್ದರೆ?” ಎಂದಳು ಐರಿನ್. ಇಲ್ಲಿ ಶುಕ್ರವಾರವೇ ರಜೆ, ಚರ್ಚಿನ ಪೂಜೆಯೂ ಅಂದೇ; ಅದಕ್ಕೆ ಹೊರಟವಳು, ಇಗರ್ಜಿಯ ಸೀರೆಯಲ್ಲೇ ನನ್ನನ್ನು ಎತ್ತಿದಳು.

ಆಸ್ಪತ್ರೆಯಲ್ಲಿ ಮೊದಲು ಸುಳ್ಳು ಹೆರಿಗೆನೋವು ಎಂದು ಮಲಗಿಸಿದರು. ನೋವು ಹೊಟ್ಟೆಯೆಲ್ಲ ಹರಡಿತು, ಹೆಗಲಿಗೂ ಏರಿತು. ಚಳಿ ಹಿಡಿಯಿತು, ಹೊಟ್ಟೆ ಹಲಗೆಯಾಯಿತು. ಅಷ್ಟರಲ್ಲಿ ವಯಸ್ಸಾದ ಈಜಿಪ್ಟಿನ ಸರ್ಜನ್ ಒಬ್ಬರು, ಹೆಂಗಸು, ಬಂದರು. ಹೊಟ್ಟೆ ಮುಟ್ಟಿ ನೋಡಿ, ಮುಟ್ಟಿನಲ್ಲಿ ಪಾಯಿಖಾನೆಗೆ ಹೋಗುವಾಗ ನೋವಿತ್ತೇ ಎಂದು ಕೇಳಿದರು. ಬದುಕಿನಲ್ಲಿ ಮೊದಲ ಸಲ ಯಾರೋ ಆ ಪ್ರಶ್ನೆ ಕೇಳಿದ್ದರು. ಹೌದು ಎಂದು ಹೇಳಲು ಹೋಗಿ ಅತ್ತುಬಿಟ್ಟೆ.

“ಖಲಾಸ್, ಸಾಕು, ಅಳಬೇಡ. ಈಗಲೇ ಆಪರೇಷನ್. ಮಗುವಿಗೂ, ನಿನಗೂ” ಎಂದರು.

ಎಚ್ಚರವಾದ ಮೇಲೆ ಅವರೇ ಬಂದು ವಿವರಿಸಿದರು. ಗರ್ಭಕೋಶದ ಒಳಪದರದಂಥ ಪದರ ನನ್ನ ಕರುಳಿನ ಗೋಡೆಯಲ್ಲಿ ವರ್ಷಗಳಿಂದ ಬೆಳೆಯುತ್ತಿತ್ತು. ಎಂಡೊಮೆಟ್ರಿಯೋಸಿಸ್. ಬಸಿರಿನಲ್ಲಿ ಅದು ಮೆತ್ತಗಾಗಿ, ಗರ್ಭ ಬೆಳೆದಂತೆ ಕರುಳು ಎಳೆದುಕೊಂಡು, ತೂತು ಬಿದ್ದಿತ್ತು. ಅಪರೂಪವಂತೆ. ಅಪರೂಪದ್ದನ್ನೇ ಆರಿಸಿಕೊಂಡು ಬರುವುದು ನನ್ನ ಹಣೆಬರಹ. ಲಾಟರಿ ಮಾತ್ರ ಹೊಡೆದಿಲ್ಲ. ಮಗಳು ಗಾಜಿನ ಪೆಟ್ಟಿಗೆಯಲ್ಲಿದ್ದಳು, ಅಂಗೈಯಷ್ಟು ಮುಖ. ನನ್ನ ಕರುಳಿನ ಕೆಟ್ಟ ಭಾಗವನ್ನು ಕತ್ತರಿಸಿ, ಉಳಿದುದರ ತುದಿಯನ್ನು ಹೊಟ್ಟೆಯ ಮೇಲೆ ತೆರೆದು, ಅದಕ್ಕೊಂದು ಚೀಲ ಅಂಟಿಸಿದ್ದರು. ಕೆಲವು ತಿಂಗಳ ಮೇಲೆ ಮತ್ತೆ ಒಳಗೆ ಜೋಡಿಸುವುದಾಗಿ ಹೇಳಿದರು.

ಆ ಚೀಲವನ್ನು ನಾನು ನೋಡಲೊಲ್ಲೆ. ನರ್ಸು ಬಂದಾಗಲೆಲ್ಲ ಗೋಡೆಗೆ ಮುಖ ತಿರುಗಿಸುತ್ತಿದ್ದೆ. ಮನೆಗೆ ಬಂದ ದಿನ ಅದನ್ನು ಬದಲಿಸಬೇಕಾಗಿ ಬಂತು. ನಮ್ಮವರು ಬಿಳಿಚಿಕೊಂಡು ನಿಂತರು. ಮಾಮಿ ಸೆರಗು ಸಿಕ್ಕಿಸಿ, ಕೈ ತೊಳೆದು ಬಂದು ಮಂಚದ ಅಂಚಿನಲ್ಲಿ ಕೂತರು.

“ಈ ಕಡೆ ತಿರುಗು. ನಾಳೆ ಮಗು ಮನೆಗೆ ಬಂದರೆ ಅದರದ್ದೂ ತೊಳೀತೇನೆ. ಅದರ ತಾಯಿಯದ್ದು ತೊಳೆದರೆ ನನಗೆಂತ ಆಗ್ತದೆ?”

ಅಲ್ಲಿಯವರೆಗೆ ಅವರ ಮೇಲೆ ನಾನು ಕಟ್ಟಿಟ್ಟುಕೊಂಡಿದ್ದ ಸಿಟ್ಟೆಲ್ಲ ಆ ಒಂದು ಮಾತಿಗೆ ನೀರಾಯಿತು ಎಂದು ಬರೆದರೆ ನಿಮಗೆ ಚೆನ್ನಾಗಿ ಕಾಣುತ್ತದೆ. ಆಗಲಿಲ್ಲ. ಆ ಸಂಜೆಯೇ ಅವರು ಊರಿಗೆ ಫೋನು ಹಚ್ಚಿ, “ಗ್ಯಾಸ್ ತುಂಬಿ ತುಂಬಿ ಕರುಳೇ ಒಡೆಯಿತಂತೆ” ಎಂದು ಹೇಳುವುದು ಕೇಳಿಸಿತು. ನನ್ನ ಚೀಲವನ್ನು ಅಷ್ಟು ನಾಜೂಕಾಗಿ ಬದಲಿಸಿದ ಕೈಯಲ್ಲೇ ರಿಸೀವರ್. ಅವರನ್ನು ದ್ವೇಷಿಸಲೂ ಬಿಡಲಿಲ್ಲ, ಪ್ರೀತಿಸಲೂ ಬಿಡಲಿಲ್ಲ ಮಹಾತಾಯಿ. ಸಾಯುವವರೆಗೂ ಅವರ ಬಾಯಲ್ಲಿ ಅದು ಗ್ಯಾಸೇ.

ಮಾಮಿಯನ್ನಾದರೂ ಕ್ಷಮಿಸಬಹುದು. ಎಂಜಿನಿಯರಿಂಗ್ ಓದಿದ ನಮ್ಮವರು? ನೋಡಲು ಬಂದ ಗೆಳೆಯರು ಏನಾಗಿತ್ತು ಎಂದು ಕೇಳಿದರೆ, “ಅದೇ... ಸ್ವಲ್ಪ ಸ್ಟಮಕ್ ಪ್ರಾಬ್ಲಮ್” ಎಂದು ಟೀವಿ ಕಡೆ ನೋಡುತ್ತಿದ್ದರು. ಗರ್ಭಕೋಶ, ಮುಟ್ಟು ಎಂಬ ಶಬ್ದಗಳು ಗಂಡಸರ ನಡುವೆ ಅವರ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಕರುಳನ್ನು ಮತ್ತೆ ಜೋಡಿಸಿದ ಮೇಲೂ, ಮಗಳು ಶಾಲೆಗೆ ಹೋಗತೊಡಗಿದ ಮೇಲೂ, ನನ್ನ ಕಾಯಿಲೆಗೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ಹೊಟ್ಟೆಯ ಮೇಲಿನ ಗಾಯದ ಗೆರೆಗೆ ಮಾತ್ರ ಮಳೆ ಮೋಡ ಕಂಡರೆ ತುರಿಕೆ.

ಲಿಫ್ಟಿನ ಆ ಸಂಜೆ ನಾನು ಸಿಡಿಮಿಡಿಗೊಂಡು ಮನೆಯೊಳಗೆ ಬಂದರೆ ಮಗಳು ಸೋಫಾದಲ್ಲಿ ಮುದುಡಿ ಮಲಗಿದ್ದಳು. ಈಗ ಅವಳು ಹನ್ನೊಂದನೇ ಕ್ಲಾಸು.

“ಏನಾಯ್ತು ಮಗಾ?”

“ಪೀರಿಯಡ್ಸ್, ಅಮ್ಮಾ. ಇಟ್ಸ್ ಫೈನ್. ಎವ್ರಿಬಡಿ ಗೆಟ್ಸ್ ಇಟ್.”

ನಾನು ಬಾಯಿ ತೆರೆಯುವ ಮೊದಲೇ, ಚಹಾ ಕುಡಿಯುತ್ತಿದ್ದ ನಮ್ಮವರು ಲೋಟ ಇಟ್ಟು ಎದ್ದರು. “ಫೈನ್ ಅಂತ ನೀನು ಹೇಳಬೇಡ. ಡಾಕ್ಟರು ಹೇಳಲಿ” ಎಂದು ಕಾರಿನ ಕೀ ತೆಗೆದುಕೊಂಡರು.

ಜಾಬ್ರಿಯಾದ ಕ್ಲಿನಿಕ್ಕು ತುಂಬಿತ್ತು. ಕೌಂಟರಿನ ಹುಡುಗಿ ಹಿಂದಿಯಲ್ಲಿ ಏನು ತೊಂದರೆ ಎಂದು ಕೇಳಿದಳು. ನಾನು ಮುಂದೆ ಹೋಗುವಷ್ಟರಲ್ಲಿ ಇವರೇ ಉತ್ತರ ಕೊಟ್ಟರು, ಸ್ವರ ತಗ್ಗಿಸದೆ: ಮಗಳಿಗೆ ಮುಟ್ಟಿನ ನೋವು; ಅವಳ ತಾಯಿಗೆ ಎಂಡೊಮೆಟ್ರಿಯೋಸಿಸ್ ಇತ್ತು, ಕರುಳಿನಲ್ಲಿ; ಯಾರೂ ಸರಿಯಾಗಿ ನೋಡಲಿಲ್ಲ; ಇವಳನ್ನು ಸರಿಯಾಗಿ ನೋಡಬೇಕು.

ಕಾಯುತ್ತಿದ್ದ ಗಂಡಸರಿಬ್ಬರು ತಮ್ಮ ಮೊಬೈಲಿನೊಳಗೆ ಇಳಿದುಹೋದರು. ಮಗಳು, “ಅಪ್ಪಾ, ಪ್ಲೀಸ್” ಎಂದು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಎಲ್ಲಿತ್ತು ಈ ಬಾಯಿ ಎಂದು ಕೇಳಬೇಕೆನಿಸಿತು. ಅವರ ಕಿವಿ ಕೆಂಪಾಗಿತ್ತು. ಅವರು ಬಂದು ಕೂತ ಮೇಲೆ ಅವರ ಪಕ್ಕಕ್ಕೆ ಸರಿದು ಕೂತೆ.